ಟೀಮ್‌ಗೆಲ್ಲ ಒಂದೇ ಎಡಿಟರ್ ಸೆಟ್ಟಿಂಗ್: ಯಾವ ದಾರಿ ಯಾರಿಗೆ ಸರಿ?

ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ರೆಪೊಗೆ, ಅಂದರೆ ಟೀಮಿನ ಹಂಚಿಕೆಯ ಕೋಡ್ ಸಂಗ್ರಹಕ್ಕೆ, ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ತೆರೆದರೆ ನಾನೂರು ಸಾಲು ಬದಲಾಗಿದೆ ಅಂತ ತೋರಿಸುತ್ತದೆ. ಹುಡುಕುತ್ತಾ ಹೋದರೆ ನಿಜವಾದ ಬದಲಾವಣೆ ಎರಡೇ ಸಾಲು. ಉಳಿದದ್ದೆಲ್ಲ ಟ್ಯಾಬ್ ಇದ್ದಲ್ಲಿ ಸ್ಪೇಸ್, ಡಬಲ್ ಕೋಟ್ ಇದ್ದಲ್ಲಿ ಸಿಂಗಲ್ ಕೋಟ್, ಸಾಲಿನ ಕೊನೆಯಲ್ಲಿ ಕಣ್ಣಿಗೇ ಕಾಣದ ಒಂದು ಅಕ್ಷರ. ಬರೆದವರು ಬೇಕಂತ ಮಾಡಿದ್ದಲ್ಲ. ಸೇವ್ ಒತ್ತಿದಾಗ ಅವರ ಎಡಿಟರ್, ಅಂದರೆ ಕೋಡ್ ಬರೆಯುವ ಪ್ರೋಗ್ರಾಮ್, ತನಗೆ ತಿಳಿದ ಹಾಗೆ ಇಡೀ ಫೈಲನ್ನು ಓರಣ ಮಾಡಿಟ್ಟಿದೆ, ಅಷ್ಟೇ.

ಇಂಥದ್ದು ನಾಲ್ಕಾರು ಸಲ ಆದ ಮೇಲೆ ಟೀಮಿನಲ್ಲಿ ಒಬ್ಬರು ಹೇಳುತ್ತಾರೆ, "ಎಡಿಟರ್ ಸೆಟ್ಟಿಂಗನ್ನೇ ರೆಪೊಗೆ ಹಾಕಿಬಿಡೋಣ." ಇನ್ನೊಬ್ಬರು ತಕ್ಷಣ, "ನನ್ನ ಎಡಿಟರ್‌ಗೆ ಮಾತ್ರ ಕೈ ಹಾಕಬೇಡಿ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಜಗಳ ಬರುವುದು "ಎಡಿಟರ್ ಸೆಟ್ಟಿಂಗ್" ಅನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ಜಾತಿಯ ವಿಷಯಗಳು ಸೇರಿಕೊಂಡಿರುವುದರಿಂದ. ಹಾಗಾಗಿ ಯಾವ ಫೈಲ್, ಯಾವ ಟೂಲ್ ಅಂತ ಯೋಚಿಸುವ ಮೊದಲು ಆ ಗಂಟನ್ನು ಬಿಡಿಸಿಕೊಳ್ಳೋಣ.

ಫೈಲ್ ಬದಲಾಗುತ್ತದಾ, ಸ್ಕ್ರೀನ್ ಬದಲಾಗುತ್ತದಾ?

ಪ್ರತಿ ಸೆಟ್ಟಿಂಗಿಗೂ ಈ ಒಂದು ಪ್ರಶ್ನೆ ಕೇಳಿ. ಇಂಡೆಂಟ್‌ಗೆ ಟ್ಯಾಬೋ ಸ್ಪೇಸೋ, ಸಾಲಿನ ಕೊನೆ ವಿಂಡೋಸ್ ಥರಾನೋ ಲಿನಕ್ಸ್ ಥರಾನೋ, ಸೇವ್ ಮಾಡಿದಾಗ ಫಾರ್ಮ್ಯಾಟ್ ಆಗಬೇಕೋ ಬೇಡವೋ: ಇವೆಲ್ಲ ಫೈಲಿನೊಳಗಿನ ಬೈಟ್‌ಗಳನ್ನೇ ಬದಲಿಸುತ್ತವೆ. ಕಮಿಟ್ ಆಗಿ, ಅಂದರೆ ರೆಪೊದ ಇತಿಹಾಸದಲ್ಲಿ ದಾಖಲಾಗಿ, ಎಲ್ಲರ ಹತ್ತಿರ ಹೋಗುತ್ತವೆ. ಇವು ಪ್ರಾಜೆಕ್ಟಿನ ಸೊತ್ತು, ಇಲ್ಲಿ ಒಬ್ಬರ ಇಷ್ಟ ನಡೆಯಬಾರದು.

ಥೀಮ್, ಫಾಂಟ್, ಅಕ್ಷರದ ಗಾತ್ರ, ಮಿನಿಮ್ಯಾಪ್, ಕೀಬೋರ್ಡ್ ಶಾರ್ಟ್‌ಕಟ್, ವಿಮ್ ಮೋಡ್: ಇವು ಬದಲಿಸುವುದು ಒಬ್ಬರ ಸ್ಕ್ರೀನನ್ನು ಮಾತ್ರ. ಇವನ್ನು ರೆಪೊಗೆ ಹಾಕುವುದು ಸುಮ್ನೆ ಕಿರಿಕಿರಿ. ಕಣ್ಣಿನ ತೊಂದರೆ ಇರುವವರು ಫಾಂಟ್ ದೊಡ್ಡದು ಮಾಡಿಕೊಂಡಿರುತ್ತಾರೆ. ನಿಮ್ಮ ಕಮಿಟ್ ಬಂದು ಅದನ್ನು ಚಿಕ್ಕದು ಮಾಡಿದರೆ ಅವರು ಬೈದುಕೊಳ್ಳದೆ ಇರುತ್ತಾರಾ?

ಮಧ್ಯದಲ್ಲಿ ಮೂರನೆಯದೊಂದು ಗುಂಪಿದೆ. ಡಿಬಗ್ಗರ್ (ಕೋಡಿನ ದೋಷ ಹುಡುಕುವ ಟೂಲ್) ಹೇಗೆ ಶುರುವಾಗಬೇಕು, ಟೆಸ್ಟ್ ಓಡಿಸಲು ಯಾವ ಕಮಾಂಡ್, ಹುಡುಕುವಾಗ ಯಾವ ಫೋಲ್ಡರ್ ಬಿಡಬೇಕು, ಟೈಪ್‌ಸ್ಕ್ರಿಪ್ಟ್‌ನ ಯಾವ ಆವೃತ್ತಿ ಬಳಸಬೇಕು. ಇವುಗಳಿಂದ ಕೋಡ್ ಫೈಲ್ ಬದಲಾಗುವುದಿಲ್ಲ. ಆದರೆ ಹೊಸಬರು ಬಂದಾಗ ಇವು ಸಿದ್ಧವಾಗಿದ್ದರೆ ಅವರ ಅರ್ಧ ದಿನ ಉಳಿಯುತ್ತದೆ. ಹಂಚಿಕೊಳ್ಳಬೇಕು, ಬಲವಂತ ಮಾಡಬಾರದು.

ಈಗ ಒಂದೊಂದೇ ದಾರಿ ನೋಡೋಣ. "ವಿಕಿಯಲ್ಲಿ ಬರೆದಿಟ್ಟಿದ್ದೇವೆ, ಓದಿಕೊಂಡು ಸೆಟ್ ಮಾಡಿಕೊಳ್ಳಿ" ಅನ್ನುವುದೂ ಒಂದು ದಾರಿಯೇ. ಇಬ್ಬರು ಇರುವ ಪ್ರಾಜೆಕ್ಟಿಗೆ ಸಾಕು. ಅದಕ್ಕಿಂತ ಜಾಸ್ತಿ ಜನ ಇದ್ದರೆ ಯಾರೂ ಓದುವುದಿಲ್ಲ. ಮುಂದೆ ಹೋಗೋಣ.

ಎಡಿಟರ್‌ಕಾನ್ಫಿಗ್: ಚಿಕ್ಕದು, ಎಲ್ಲರಿಗೂ ಒಗ್ಗುವಂಥದ್ದು

ರೆಪೊದ ಬೇರಿನಲ್ಲಿ (ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ) .ಎಡಿಟರ್‌ಕಾನ್ಫಿಗ್ ಅನ್ನುವ ಪುಟ್ಟ ಟೆಕ್ಸ್ಟ್ ಫೈಲ್ ಇಡುತ್ತೀರಿ. ಚೌಕ ಬ್ರಾಕೆಟ್‌ನಲ್ಲಿ ಫೈಲುಗಳ ಪ್ಯಾಟರ್ನ್, ಅದರ ಕೆಳಗೆ ಸೆಟ್ಟಿಂಗಿನ ಹೆಸರು ಮತ್ತು ಅದರ ಮೌಲ್ಯ. ಇಂಡೆಂಟ್ ಶೈಲಿ, ಇಂಡೆಂಟ್ ಅಗಲ, ಟ್ಯಾಬ್ ಅಗಲ, ಸಾಲಿನ ಕೊನೆ, ಅಕ್ಷರ ಎನ್‌ಕೋಡಿಂಗ್, ಸಾಲಿನ ತುದಿಯ ವ್ಯರ್ಥ ಸ್ಪೇಸ್ ತೆಗೆಯಬೇಕೇ, ಫೈಲಿನ ಕೊನೆಗೆ ಒಂದು ಹೊಸ ಸಾಲು ಇರಬೇಕೇ. ಹೆಚ್ಚುಕಡಿಮೆ ಇಷ್ಟೇ. ನೋಡಿ, ಎಲ್ಲವೂ ಮೊದಲ ಗುಂಪಿಗೆ ಸೇರಿದವು. ಥೀಮ್ ಹಾಕಲು ಇದರಲ್ಲಿ ಜಾಗವೇ ಇಲ್ಲ. ಅದೇ ಇದರ ದೊಡ್ಡ ಗುಣ. ಜಗಳಕ್ಕೆ ಎಡೆ ಕೊಡುವುದಿಲ್ಲ.

ಎರಡನೇ ಗುಣ, ಇದು ಯಾವ ಎಡಿಟರ್‌ಗೂ ಸೇರಿದ್ದಲ್ಲ. ವಿಷುಯಲ್ ಸ್ಟುಡಿಯೋ 2017ರಿಂದಲೇ ಇದನ್ನು ತಾನಾಗಿ ಓದುತ್ತದೆ. ಜೆಟ್‌ಬ್ರೈನ್ಸ್‌ನ ಎಡಿಟರ್‌ಗಳೂ ಓದುತ್ತವೆ. ನಿಯೋವಿಮ್ 0.9ರಿಂದ ಒಳಗೇ ಸೇರಿದೆ. ಎಮ್ಯಾಕ್ಸ್ 30ರಲ್ಲಿ ಜೊತೆಗೇ ಬರುತ್ತದೆ, ಆನ್ ಮಾಡಿಕೊಳ್ಳಬೇಕು. ವಿಚಿತ್ರ ಅಂದರೆ ಅಷ್ಟೊಂದು ಜನ ಬಳಸುವ ವಿಎಸ್ ಕೋಡ್‌ಗೆ ಮಾತ್ರ ಪ್ರತ್ಯೇಕ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ಅದನ್ನು ಹಾಕಿಕೊಳ್ಳದವರಿಗೆ ಈ ಫೈಲ್ ಇದ್ದೂ ಇಲ್ಲದ ಹಾಗೆ. ಟೀಮಿನಲ್ಲಿ "ಎಡಿಟರ್‌ಕಾನ್ಫಿಗ್ ಇದೆ, ಆದರೂ ಕೆಲಸ ಮಾಡ್ತಿಲ್ಲ" ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಇದು ಫೋಲ್ಡರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾ ಹೋಗುತ್ತದೆ. ತೆರೆದ ಫೈಲ್ ಇರುವ ಫೋಲ್ಡರ್, ಅದರ ಮೇಲಿನದು, ಅದರ ಮೇಲಿನದು. "ರೂಟ್ ಟ್ರೂ" ಅನ್ನುವ ಸಾಲು ಸಿಕ್ಕಲ್ಲಿ ನಿಲ್ಲುತ್ತದೆ. ಆ ಸಾಲನ್ನು ಮರೆತರೆ ಯಾರದೋ ಹೋಮ್ ಫೋಲ್ಡರಿನಲ್ಲಿ ಬಿದ್ದಿರುವ ಹಳೇ ಫೈಲಿನ ನಿಯಮಗಳೂ ಬಂದು ಸೇರಿಕೊಳ್ಳುತ್ತವೆ. ಈ ಹುಡುಕುವ ರೀತಿಯಿಂದ ದೊಡ್ಡ ಮಾನೊರೆಪೊಗಳಿಗೆ (ಹಲವು ಪ್ರಾಜೆಕ್ಟುಗಳು ಒಂದೇ ಕಡೆ ಇರುವ ರೆಪೊಗಳಿಗೆ) ಒಂದು ಲಾಭವೂ ಇದೆ. ಒಬ್ಬರು ಇಡೀ ರೆಪೊ ತೆರೆಯಲಿ, ಇನ್ನೊಬ್ಬರು ಒಳಗಿನ ಒಂದೇ ಫೋಲ್ಡರ್ ತೆರೆಯಲಿ, ನಿಯಮ ಇಬ್ಬರಿಗೂ ಒಂದೇ. ಮುಂದೆ ಹೇಳುವ ವಿಎಸ್ ಕೋಡ್ ಫೋಲ್ಡರಿಗೆ ಈ ಗುಣ ಇಲ್ಲ.

ಬರೆಯುವಾಗ ಎರಡು ವಿನಾಯಿತಿ ಹಾಕಿ. ಮಾರ್ಕ್‌ಡೌನ್‌ನಲ್ಲಿ ಸಾಲಿನ ತುದಿಯ ಎರಡು ಸ್ಪೇಸ್‌ಗೆ ಅರ್ಥ ಇದೆ, ಅಲ್ಲಿ ಸಾಲು ಮುರಿಯುತ್ತದೆ. ಆದ್ದರಿಂದ ಆ ಫೈಲುಗಳಿಗೆ ತುದಿಯ ಸ್ಪೇಸ್ ತೆಗೆಯುವುದನ್ನು ಆಫ್ ಮಾಡಿ. ಮೇಕ್‌ಫೈಲಿನಲ್ಲಿ ಕಮಾಂಡ್ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಲ್ಲ ಫೈಲಿಗೂ ಸ್ಪೇಸ್ ಅಂತ ಬರೆದಿಟ್ಟರೆ ಹೊಸದಾಗಿ ಬರೆದ ಮೇಕ್‌ಫೈಲ್ ಓಡುವುದಿಲ್ಲ.

ಮಿತಿಯೂ ಸ್ಪಷ್ಟ. ಕೋಟ್ ಯಾವುದು, ಬ್ರೇಸ್ ಎಲ್ಲಿ, ಇಂಪೋರ್ಟ್‌ಗಳ ಕ್ರಮ ಏನು, ಇದಕ್ಕೆಲ್ಲ ಉತ್ತರ ಇಲ್ಲ. ಡಾಟ್‌ನೆಟ್ ಲೋಕ ಮಾತ್ರ ಬೇರೆ. ಅಲ್ಲಿ ಇದೇ ಫೈಲಿನಲ್ಲಿ ಸಿ ಶಾರ್ಪ್‌ನ ಶೈಲಿ ನಿಯಮಗಳನ್ನೂ ಬರೆಯಬಹುದು, ಬಿಲ್ಡ್ ಸಮಯದಲ್ಲೇ ಎಚ್ಚರಿಕೆ ಬರುವ ಹಾಗೆ ಮಾಡಬಹುದು. ನೀವು ಡಾಟ್‌ನೆಟ್‌ನವರಾದರೆ ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಸಾಲಿನ ಕೊನೆಯ ಕಥೆ ಗಿಟ್‌ಗೆ ಬಿಡಿ

ಸಾಲಿನ ಕೊನೆಗೆ ವಿಂಡೋಸ್ ಎರಡು ಅಕ್ಷರ ಬರೆಯುತ್ತದೆ, ಸಿಆರ್ ಮತ್ತು ಎಲ್‌ಎಫ್. ಲಿನಕ್ಸ್, ಮ್ಯಾಕ್ ಒಂದೇ ಅಕ್ಷರ, ಎಲ್‌ಎಫ್. ಶೆಲ್ ಸ್ಕ್ರಿಪ್ಟಿನಲ್ಲಿ ಆ ಸಿಆರ್ ಉಳಿದುಬಿಟ್ಟರೆ ಲಿನಕ್ಸ್ ಸರ್ವರ್ "ಇಂಥ ಇಂಟರ್‌ಪ್ರಿಟರ್ ಇಲ್ಲ" ಅಂತ ಹೇಳಿ ಕೈ ಚೆಲ್ಲುತ್ತದೆ. ಫೈಲ್ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಲೆ ಕೆಡಿಸುವ ದೋಷ ಇದು.

ಇದನ್ನು ಎಡಿಟರ್‌ಕಾನ್ಫಿಗ್‌ನಿಂದ ಮಾತ್ರ ಸರಿ ಮಾಡಲು ಹೋದರೆ ಪೂರ್ತಿ ಆಗುವುದಿಲ್ಲ. ಯಾಕೆಂದರೆ ಕೋಡಿನ ಇತಿಹಾಸ ಕಾಯುವ ಗಿಟ್ ಕೂಡ ಸಾಲಿನ ಕೊನೆಗಳನ್ನು ಮಾರ್ಪಡಿಸುತ್ತದೆ. ಆಟೋಸಿಆರ್‌ಎಲ್‌ಎಫ್ ಅನ್ನುವ ಸೆಟ್ಟಿಂಗ್ ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು ಥರ ಇರುತ್ತದೆ. ಎಡಿಟರ್ ಒಂದು ಹೇಳುತ್ತದೆ, ಗಿಟ್ ಇನ್ನೊಂದು ಮಾಡುತ್ತದೆ. ರೆಪೊದಲ್ಲಿ .ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಇಟ್ಟು, ಎಲ್ಲ ಫೈಲಿಗೂ "ಟೆಕ್ಸ್ಟ್ ಆಟೋ" ಅಂತ ಬರೆಯಿರಿ. ಶೆಲ್ ಸ್ಕ್ರಿಪ್ಟುಗಳಿಗೆ ಎಲ್‌ಎಫ್, ವಿಂಡೋಸ್ ಬ್ಯಾಚ್ ಫೈಲುಗಳಿಗೆ ಸಿಆರ್‌ಎಲ್‌ಎಫ್ ಅಂತ ಖಚಿತ ಮಾಡಿ. ಈ ಫೈಲ್ ಒಬ್ಬೊಬ್ಬರ ಸ್ವಂತ ಸೆಟ್ಟಿಂಗಿಗಿಂತ ಮೇಲೆ. ಹಳೆ ಫೈಲುಗಳನ್ನು ಹೊಸ ನಿಯಮಕ್ಕೆ ತರಲು ಗಿಟ್ ಆಡ್‌ಗೆ "ರಿನಾರ್ಮಲೈಸ್" ಅನ್ನುವ ಆಯ್ಕೆ ಕೊಟ್ಟು ಒಂದು ಸಲ ಓಡಿಸಿ, ಬೇರೆ ಏನನ್ನೂ ಸೇರಿಸದೆ ಕಮಿಟ್ ಮಾಡಿ. ಟೀಮ್ ಎಷ್ಟೇ ಚಿಕ್ಕದಿರಲಿ, ಇದೊಂದನ್ನು ನಾನು ಆಯ್ಕೆಯ ವಿಷಯ ಅಂತಲೇ ಎಣಿಸುವುದಿಲ್ಲ. ಮಾಡಿಬಿಡಿ.

.ವಿಎಸ್‌ಕೋಡ್ ಫೋಲ್ಡರನ್ನು ಕಮಿಟ್ ಮಾಡಬೇಕಾ?

ಪ್ರಾಜೆಕ್ಟಿಗೆ ಸೇರಿದ ಸೆಟ್ಟಿಂಗುಗಳನ್ನು ವಿಎಸ್ ಕೋಡ್ ಇಡುವ ಫೋಲ್ಡರ್ ಇದು. ಅತಿ ಹೆಚ್ಚು ಚರ್ಚೆ ಇಲ್ಲಿಯೇ. ಕೆಲವರು ಇಡೀ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಡಬೇಕಾದ ಫೈಲುಗಳ ಪಟ್ಟಿಗೆ) ಹಾಕುತ್ತಾರೆ. ಕೆಲವರು ಇಡೀ ಫೋಲ್ಡರನ್ನು ಕಮಿಟ್ ಮಾಡುತ್ತಾರೆ. ಎರಡೂ ಅತಿ. ಒಳಗೆ ಸಾಮಾನ್ಯವಾಗಿ ನಾಲ್ಕು ಫೈಲ್ ಇರುತ್ತವೆ, ಒಂದೊಂದರ ಲೆಕ್ಕ ಒಂದೊಂದು.

ಎಕ್ಸ್‌ಟೆನ್ಶನ್ಸ್.ಜೆಸನ್ ಅನ್ನು ಕಣ್ಣು ಮುಚ್ಚಿ ಕಮಿಟ್ ಮಾಡಬಹುದು. ಪ್ರಾಜೆಕ್ಟಿಗೆ ಯಾವ ಎಕ್ಸ್‌ಟೆನ್ಶನ್ ಒಳ್ಳೆಯದು ಅಂತ ಇದು ಶಿಫಾರಸು ಮಾತ್ರ ಮಾಡುತ್ತದೆ, ತಾನಾಗಿ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಎಡಿಟರ್‌ಕಾನ್ಫಿಗ್ ಎಕ್ಸ್‌ಟೆನ್ಶನ್ ಇಲ್ಲಿ ಮೊದಲು ಬರಲಿ. ಆದರೆ ಪಟ್ಟಿ ಬೆಳೆಯದ ಹಾಗೆ ನೋಡಿಕೊಳ್ಳಿ. ಇಪ್ಪತ್ತು ಹೆಸರು ಬರೆದರೆ ಜನ ಎಲ್ಲವನ್ನೂ ಬೇಡ ಅಂದು ಮುಚ್ಚುತ್ತಾರೆ.

ಲಾಂಚ್.ಜೆಸನ್, ಟಾಸ್ಕ್ಸ್.ಜೆಸನ್ ಎರಡೂ ಹೊಸಬರಿಗೆ ಬಹಳ ಉಪಯೋಗ. ಮೊದಲನೆಯದು ಡಿಬಗ್ಗರ್‌ಗೆ, ಎರಡನೆಯದು ಬಿಲ್ಡ್, ಟೆಸ್ಟ್ ಕಮಾಂಡ್‌ಗಳಿಗೆ. ಇಲ್ಲಿ ಎಚ್ಚರ ಬೇಕಾದದ್ದು ಎರಡು ಕಡೆ. ನಿಮ್ಮ ಕಂಪ್ಯೂಟರಿನ ಪೂರ್ತಿ ಪಾತ್ ಬರೆಯಬೇಡಿ, ವರ್ಕ್‌ಸ್ಪೇಸ್ ಫೋಲ್ಡರ್ ಅನ್ನುವ ವೇರಿಯಬಲ್ ಬಳಸಿ. ಡಿಬಗ್ ಮಾಡಲು ಬೇಕು ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಜಾಗದಲ್ಲಿ ಪಾಸ್‌ವರ್ಡ್, ಎಪಿಐ ಕೀ ಅಂಟಿಸಬೇಡಿ. ಅದು ಗಿಟ್ ಇತಿಹಾಸದಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ. ಗುಟ್ಟಿನದ್ದೆಲ್ಲ ಬೇರೆ ಫೈಲಿನಲ್ಲಿರಲಿ, ಆ ಫೈಲ್ ಗಿಟ್‌ಇಗ್ನೋರ್‌ನಲ್ಲಿರಲಿ, ಲಾಂಚ್.ಜೆಸನ್ ಅದರ ಹೆಸರನ್ನು ಮಾತ್ರ ಹೇಳಲಿ.

ಸೆಟ್ಟಿಂಗ್ಸ್.ಜೆಸನ್ ನಿಜವಾದ ಪೇಚು. ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಸೆಟ್ಟಿಂಗ್, ಅಂದರೆ ತೆರೆದ ಪ್ರಾಜೆಕ್ಟಿನ ಸೆಟ್ಟಿಂಗ್, ಸಾಮಾನ್ಯವಾಗಿ ಬಳಕೆದಾರರ ಸ್ವಂತ ಸೆಟ್ಟಿಂಗನ್ನು ಮೀರುತ್ತದೆ. ಅಂದರೆ ನೀವು ಇಲ್ಲಿ ಥೀಮ್ ಬರೆದರೆ ಎಲ್ಲರ ಥೀಮೂ ಬದಲಾಗುತ್ತದೆ. ಇದರ ಮೇಲೆ ಮತ್ತೆ "ನನಗೆ ಮಾತ್ರ" ಅನ್ನುವ ಪದರ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ಅಂಥದ್ದು ವಿಎಸ್ ಕೋಡ್‌ನಲ್ಲಿ ಇಲ್ಲ. ಪ್ರೊಫೈಲ್ ಮಾಡಿಕೊಂಡರೂ ಅದು ಬಳಕೆದಾರರ ಮಟ್ಟದ್ದೇ, ವರ್ಕ್‌ಸ್ಪೇಸ್ ಬಂದು ಅದನ್ನೂ ಮೀರುತ್ತದೆ. ಹಾಗಾಗಿ ಈ ಫೈಲಿಗೆ ಸೇರುವ ಪ್ರತಿ ಸಾಲೂ ಒಬ್ಬರ ಕೈಯಿಂದ ಒಂದು ಆಯ್ಕೆಯನ್ನು ಕಿತ್ತುಕೊಳ್ಳುತ್ತದೆ ಅನ್ನುವುದು ತಲೆಯಲ್ಲಿರಲಿ.

ನನ್ನ ಮಟ್ಟಿಗೆ ಇಲ್ಲಿ ಇರಬೇಕಾದವು ಇವು: ಯಾವ ಭಾಷೆಗೆ ಯಾವ ಫಾರ್ಮ್ಯಾಟರ್ (ಕೋಡನ್ನು ಓರಣ ಮಾಡುವ ಟೂಲ್), ಸೇವ್ ಮಾಡಿದಾಗ ಫಾರ್ಮ್ಯಾಟ್, ಹುಡುಕಾಟದಿಂದ ಬಿಡಬೇಕಾದ ಬಿಲ್ಡ್ ಫೋಲ್ಡರ್‌ಗಳು, ಪ್ರಾಜೆಕ್ಟಿನೊಳಗಿನ ಟೈಪ್‌ಸ್ಕ್ರಿಪ್ಟನ್ನೇ ಬಳಸು ಅನ್ನುವ ಸೂಚನೆ. ಫಾರ್ಮ್ಯಾಟರನ್ನು ಭಾಷೆಯ ಬ್ಲಾಕಿನೊಳಗೇ ಬರೆಯಿರಿ. ಬರೀ ಮೇಲ್ಮಟ್ಟದಲ್ಲಿ ಬರೆದಿಟ್ಟರೆ ಯಾರೋ ತಮ್ಮ ಸ್ವಂತ ಸೆಟ್ಟಿಂಗಿನಲ್ಲಿ ಪೈಥಾನ್‌ಗೆ ಬೇರೆಯದನ್ನು ಬರೆದುಕೊಂಡಿದ್ದರೆ ಅದೇ ಗೆಲ್ಲುತ್ತದೆ. ಭಾಷೆಗೆ ಸೀಮಿತವಾಗಿ ಬರೆದದ್ದಕ್ಕೆ ವಿಎಸ್ ಕೋಡ್ ಹೆಚ್ಚು ಬೆಲೆ ಕೊಡುತ್ತದೆ.

ಇನ್ನೊಂದು ಗೊಂದಲ ಪದೇ ಪದೇ ಬರುತ್ತದೆ. ಸೆಟ್ಟಿಂಗಿನಲ್ಲಿ ಟ್ಯಾಬ್ ಅಗಲ ಎರಡು ಅಂತ ಬರೆದಿದ್ದರೂ ಕೆಲವು ಫೈಲುಗಳಲ್ಲಿ ನಾಲ್ಕೇ ಬೀಳುತ್ತದೆ. ವಿಎಸ್ ಕೋಡ್ ಫೈಲನ್ನು ತೆರೆದಾಗ ಅದರಲ್ಲಿ ಈಗಾಗಲೇ ಏನಿದೆ ಅಂತ ನೋಡಿ ಅದನ್ನೇ ಮುಂದುವರಿಸುತ್ತದೆ. ಇಂಡೆಂಟ್ ಪತ್ತೆ ಮಾಡುವ ಈ ಗುಣ ಮೊದಲಿನಿಂದಲೇ ಆನ್ ಇರುತ್ತದೆ. ದೋಷ ಅಂತ ಹುಡುಕುತ್ತಾ ಕೂರಬೇಡಿ.

ಮಾನೊರೆಪೊ ಇರುವವರಿಗೆ ಒಂದು ಮಾತು. ವಿಎಸ್ ಕೋಡ್ ನೀವು ತೆರೆದ ಫೋಲ್ಡರಿನ ಸೆಟ್ಟಿಂಗನ್ನು ಓದುತ್ತದೆ, ಅದರ ಮೇಲಿನ ಫೋಲ್ಡರುಗಳತ್ತ ನೋಡುವುದಿಲ್ಲ. ಒಬ್ಬರು ಒಳಗಿನ ಒಂದು ಸರ್ವಿಸ್ ಮಾತ್ರ ತೆರೆದರೆ ಬೇರಿನಲ್ಲಿರುವ ಸೆಟ್ಟಿಂಗ್ ಅವರಿಗೆ ತಲುಪುವುದೇ ಇಲ್ಲ. ಪ್ರತಿ ಸರ್ವಿಸಿಗೂ ನಕಲು ಮಾಡಿಟ್ಟರೆ ಅವು ನಿಧಾನಕ್ಕೆ ಬೇರೆ ಬೇರೆಯಾಗುತ್ತವೆ. ಹಲವು ಫೋಲ್ಡರ್‌ಗಳನ್ನು ಒಟ್ಟಿಗೆ ಸೇರಿಸುವ ವರ್ಕ್‌ಸ್ಪೇಸ್ ಫೈಲ್ ಮಾಡಿ, ಎಲ್ಲರೂ ಅದನ್ನೇ ತೆರೆಯುವ ರೂಢಿ ಮಾಡಿಕೊಂಡರೆ ಪರವಾಗಿಲ್ಲ. ರೂಢಿ ಅಂದ ಮೇಲೆ ಮರೆಯುವವರೂ ಇರುತ್ತಾರೆ, ಅದು ಬೇರೆ ಮಾತು.

ಭದ್ರತೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಟಾಸ್ಕ್ಸ್.ಜೆಸನ್‌ನಲ್ಲಿ ಫೋಲ್ಡರ್ ತೆರೆದ ಕೂಡಲೇ ಓಡುವ ಟಾಸ್ಕ್ ಬರೆಯಬಹುದು. ಹೊರಗಿನಿಂದ ಬಂದ ರೆಪೊದಲ್ಲಿ ಇಂಥದ್ದು ಅಡಗಿದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮ್. ವಿಎಸ್ ಕೋಡ್ 2021ರಲ್ಲಿ ವರ್ಕ್‌ಸ್ಪೇಸ್ ಟ್ರಸ್ಟ್ ತಂದದ್ದು ಇಂಥ ಅಪಾಯಗಳನ್ನು ತಡೆಯಲೆಂದೇ. "ಈ ಫೋಲ್ಡರಿನ ಲೇಖಕರನ್ನು ನಂಬುತ್ತೀರಾ?" ಅಂತ ಕೇಳುವ ಆ ಡಬ್ಬಿ ಬಂದಾಗ ಸುಮ್ನೆ ಹೌದು ಒತ್ತುವ ಅಭ್ಯಾಸ ಒಳ್ಳೆಯದಲ್ಲ. ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರು ಈ ಫೋಲ್ಡರಿಗೆ ಬರುವ ಬದಲಾವಣೆಯನ್ನು ಕೋಡಿನಷ್ಟೇ ಜಾಗ್ರತೆಯಿಂದ ನೋಡಬೇಕು.

ಗಿಟ್‌ಇಗ್ನೋರ್ ಬರೆಯುವ ರೀತಿ ಸರಳ. ಫೋಲ್ಡರಿನೊಳಗಿನ ಎಲ್ಲವನ್ನೂ ಬಿಡು ಅಂತ ನಕ್ಷತ್ರ ಚಿಹ್ನೆ ಹಾಕಿ, ಕೆಳಗೆ ಬೇಕಾದ ಫೈಲುಗಳನ್ನು ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ಹೆಸರಿಸಿ. ನಕ್ಷತ್ರ ಬಿಟ್ಟು ಬರೀ ಫೋಲ್ಡರಿನ ಹೆಸರು ಬರೆದರೆ ಕೆಳಗಿನ ವಿನಾಯಿತಿಗಳು ಕೆಲಸ ಮಾಡುವುದಿಲ್ಲ. ಗಿಟ್ ಆ ಫೋಲ್ಡರಿನೊಳಕ್ಕೆ ಹೋಗುವುದೇ ಇಲ್ಲ.

ಜೆಟ್‌ಬ್ರೈನ್ಸ್ ಬಳಸುವವರಿಗೆ

.ಐಡಿಯಾ ಫೋಲ್ಡರಿನ ಕಥೆಯೂ ಹೆಚ್ಚುಕಡಿಮೆ ಇದೇ. ಒಳಗಿನ ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್ ಪೂರ್ತಿ ವೈಯಕ್ತಿಕ, ಯಾವ ಫೈಲ್ ತೆರೆದಿತ್ತು ಅನ್ನುವಂಥದ್ದೆಲ್ಲ ಅಲ್ಲಿ ಕೂತಿರುತ್ತದೆ. ಕಮಿಟ್ ಮಾಡಿದರೆ ದಿನಾ ಕಾನ್ಫ್ಲಿಕ್ಟ್. ಕೋಡ್ ಸ್ಟೈಲ್, ಇನ್‌ಸ್ಪೆಕ್ಷನ್ ಪ್ರೊಫೈಲ್ (ಕೋಡ್ ತಪಾಸಣೆಯ ನಿಯಮಗಳು), ರನ್ ಕಾನ್ಫಿಗರೇಶನ್ ಫೋಲ್ಡರ್‌ಗಳನ್ನು ಹಂಚಿಕೊಳ್ಳಬಹುದು. ಕೋಡ್ ಸ್ಟೈಲ್ ಆರಿಸುವಾಗ "ಪ್ರಾಜೆಕ್ಟ್" ಅನ್ನುವ ಸ್ಕೀಮ್ ಆರಿಸಿ. ಇಲ್ಲದಿದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ರೆಪೊಗೆ ಬರುವುದಿಲ್ಲ. ಇನ್‌ಸ್ಪೆಕ್ಷನ್ ಪ್ರೊಫೈಲ್ ಹಂಚುವ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ. ಎಲ್ಲರೂ ಜೆಟ್‌ಬ್ರೈನ್ಸ್‌ನಲ್ಲೇ ಇರುವ ಜಾವಾ ಟೀಮಿಗೆ ಅದೊಂದೇ ಸಾಕಷ್ಟು ಕೆಲಸ ಮಾಡುತ್ತದೆ. ಟೀಮಿನಲ್ಲಿ ಅರ್ಧ ಜನ ಬೇರೆ ಎಡಿಟರ್ ಬಳಸಿದರೆ ಅದೇ ನಿಯಮಗಳನ್ನು ಎರಡು ಕಡೆ ಕಾಯಬೇಕಾಗುತ್ತದೆ. ಆಗ ಇದರ ಮೇಲೆ ಭಾರ ಹಾಕಬೇಡಿ.

ಮಾದರಿ ಫೈಲ್ ಇಟ್ಟು ನಕಲು ಮಾಡಿಕೊಳ್ಳುವುದು

ನಿಜವಾದ ಸೆಟ್ಟಿಂಗ್ ಫೈಲನ್ನು ಗಿಟ್‌ಇಗ್ನೋರ್‌ಗೆ ಹಾಕಿ, ಪಕ್ಕದಲ್ಲಿ ಒಂದು ಮಾದರಿ ಫೈಲ್ ಕಮಿಟ್ ಮಾಡುವುದು ಇನ್ನೊಂದು ದಾರಿ. ಬೇಕಾದವರು ನಕಲು ಮಾಡಿಕೊಂಡು ತಮಗೆ ಒಗ್ಗುವಂತೆ ತಿದ್ದಿಕೊಳ್ಳುತ್ತಾರೆ. ಎಲ್ಲರ ಸ್ವಾತಂತ್ರ್ಯವೂ ಉಳಿಯುತ್ತದೆ. ತೊಂದರೆ ಎಲ್ಲಿ ಅಂದರೆ, ಆರು ತಿಂಗಳ ನಂತರ ಮಾದರಿ ಬದಲಾದಾಗ ಹಳಬರಿಗೆ ಗೊತ್ತೇ ಆಗುವುದಿಲ್ಲ. ಮೊದಲ ಗುಂಪಿನ ಸೆಟ್ಟಿಂಗಿಗೆ ಇದು ಬೇಡ. ಡಿಬಗ್ಗರ್, ಸ್ಥಳೀಯ ಡೇಟಾಬೇಸ್ ವಿಳಾಸ, ಇಂಥದ್ದಕ್ಕೆ ಒಳ್ಳೆಯದು.

ಕೆಲವರು ಕಮಿಟ್ ಆದ ಫೈಲನ್ನೇ ತಮ್ಮಲ್ಲಿ ತಿದ್ದಿಕೊಂಡು, "ಈ ಫೈಲಿನ ಬದಲಾವಣೆ ನೋಡಬೇಡ" ಅಂತ ಗಿಟ್‌ಗೆ ಹೇಳುತ್ತಾರೆ. ಸ್ಕಿಪ್ ವರ್ಕ್‌ಟ್ರೀ ಅನ್ನುವ ಗುರುತು ಹಾಕುವುದು. ಗಿಟ್‌ನ ಸ್ವಂತ ದಾಖಲೆಯೇ ಇದನ್ನು ಈ ಕೆಲಸಕ್ಕೆ ಬಳಸಬೇಡಿ, ಸರಿಯಾಗಿ ನಡೆಯುವುದಿಲ್ಲ ಅನ್ನುತ್ತದೆ. ಅದರ ಬದಲು ಮಾದರಿ ಫೈಲ್ ಇಡಿ ಅಂತಲೇ ಸಲಹೆ ಕೊಡುತ್ತದೆ. ಯಾರೋ ಹಂಚಿಕೆಯ ರೆಪೊದಲ್ಲಿ ಆ ಫೈಲನ್ನು ಬದಲಿಸಿದ ದಿನ ನಿಮ್ಮ ಪುಲ್ ನಿಂತುಹೋಗುತ್ತದೆ. ಯಾಕೆ ಅಂತ ಹುಡುಕುವಾಗ ಆ ಗುರುತು ಹಾಕಿದ್ದು ನೆನಪಿಗೇ ಬರುವುದಿಲ್ಲ.

ಫಾರ್ಮ್ಯಾಟರ್ ಮತ್ತು ಸಿಐ: ಎಡಿಟರನ್ನೇ ಪಕ್ಕಕ್ಕಿಡುವುದು

ಇಲ್ಲಿವರೆಗೆ ಹೇಳಿದ ದಾರಿಗಳಿಗೆಲ್ಲ ಒಂದೇ ಕೊರತೆ. ಎಡಿಟರ್ ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ. ಸರ್ವರ್ ಮೇಲೆ ನ್ಯಾನೊದಲ್ಲಿ ತಿದ್ದಿದವರು, ಬ್ರೌಸರ್‌ನಲ್ಲೇ ಎಡಿಟ್ ಒತ್ತಿದವರು, ಕೋಡ್ ಬರೆಯುವ ಎಐ ಟೂಲ್, ಇವರ್ಯಾರಿಗೂ ನಿಮ್ಮ ಸೆಟ್ಟಿಂಗ್ಸ್.ಜೆಸನ್ ಅನ್ವಯಿಸುವುದಿಲ್ಲ.

ಅದಕ್ಕೇ ಜಾಸ್ತಿ ಗಟ್ಟಿಯಾದ ದಾರಿ ಕಮಾಂಡ್‌ಲೈನ್ ಫಾರ್ಮ್ಯಾಟರ್. ಗೋ ಭಾಷೆ ಇದನ್ನು ಮೊದಲಿನಿಂದಲೇ ಬಗೆಹರಿಸಿಕೊಂಡಿತು. ಗೋಫಂಟ್ ಭಾಷೆಯ ಜೊತೆಗೇ ಬರುತ್ತದೆ, ಇಂಡೆಂಟ್‌ಗೆ ಟ್ಯಾಬ್, ಬದಲಿಸಲು ಆಯ್ಕೆಯೇ ಇಲ್ಲ. ಗೋ ಬರೆಯುವವರು ಈ ಜಗಳ ಆಡುವುದನ್ನು ನೋಡಿದ್ದೀರಾ? ಜಾವಾಸ್ಕ್ರಿಪ್ಟ್‌ಗೆ 2017ರಲ್ಲಿ ಪ್ರಿಟಿಯರ್ ಬಂತು, ಪೈಥಾನ್‌ಗೆ 2018ರಲ್ಲಿ ಬ್ಲ್ಯಾಕ್. ರಸ್ಟ್‌ಗೆ ರಸ್ಟ್‌ಫಂಟ್, ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಕ್ಲ್ಯಾಂಗ್ ಫಾರ್ಮ್ಯಾಟ್. ಬ್ಲ್ಯಾಕ್‌ನ ಸಾಲಿನ ಉದ್ದ 88 ಅಕ್ಷರ, ಪ್ರಿಟಿಯರ್‌ನದು 80. ನಿಮಗೆ 100 ಇಷ್ಟ ಇರಬಹುದು. ಆದರೂ ಇದ್ದದ್ದನ್ನೇ ಒಪ್ಪಿಕೊಳ್ಳಿ ಅನ್ನುತ್ತೇನೆ. ಈ ಟೂಲುಗಳ ಬೆಲೆ ಇರುವುದೇ ಚರ್ಚೆ ಮುಗಿಸುವುದರಲ್ಲಿ.

ಪ್ರಿಟಿಯರ್ ಎಡಿಟರ್‌ಕಾನ್ಫಿಗ್ ಫೈಲನ್ನೂ ಓದುತ್ತದೆ. ಆದ್ದರಿಂದ ಇಂಡೆಂಟನ್ನು ಎರಡು ಕಡೆ ಬರೆಯುವ ಅಗತ್ಯ ಇಲ್ಲ. ಬ್ಲ್ಯಾಕ್ ಓದುವುದಿಲ್ಲ, ಅಲ್ಲಿ ಎರಡೂ ಒಂದೇ ಹೇಳುತ್ತಿವೆಯೇ ಅಂತ ನೀವೇ ನೋಡಿಕೊಳ್ಳಬೇಕು.

ಆವೃತ್ತಿಯನ್ನು ಖಚಿತವಾಗಿ ಕಟ್ಟಿಹಾಕುವುದು ಇಲ್ಲಿ ಬಹಳ ಮುಖ್ಯ. ಒಬ್ಬರ ಹತ್ತಿರ ಹಳೇ ಪ್ರಿಟಿಯರ್, ಇನ್ನೊಬ್ಬರ ಹತ್ತಿರ ಹೊಸದು ಇದ್ದರೆ ಮತ್ತೆ ಅದೇ ನಾನೂರು ಸಾಲು. ಪ್ಯಾಕೇಜ್ ಫೈಲಿನಲ್ಲಿ "ಇದಕ್ಕಿಂತ ಮೇಲಿನದು ಯಾವುದಾದರೂ ಸರಿ" ಅನ್ನುವ ಚಿಹ್ನೆ ತೆಗೆದು ಒಂದೇ ಆವೃತ್ತಿ ಬರೆಯಿರಿ. ಪ್ರಿಟಿಯರ್‌ನವರೂ ಇದನ್ನೇ ಹೇಳುತ್ತಾರೆ.

ಮುಂದಿನ ಪ್ರಶ್ನೆ, ಇದನ್ನು ಓಡಿಸುವುದು ಯಾರು? ಕಮಿಟ್‌ಗೆ ಮೊದಲು ಓಡುವ ಹುಕ್ ಹಾಕಬಹುದು, ಪ್ರೀಕಮಿಟ್, ಹಸ್ಕಿ ಥರದ ಟೂಲುಗಳಿವೆ. ಆದರೆ ಗಿಟ್ ಹುಕ್‌ಗಳು ಕ್ಲೋನ್ ಮಾಡಿದಾಗ ತಾವಾಗಿ ಬರುವುದಿಲ್ಲ, ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದು ಸಲ ಕೂರಿಸಬೇಕು. "ನೋ ವೆರಿಫೈ" ಅಂತ ಸೇರಿಸಿದರೆ ದಾಟಿಹೋಗಬಹುದು ಕೂಡ. ಹಾಗಾಗಿ ಹುಕ್ ಒಂದು ಅನುಕೂಲ, ಕಾವಲು ಇರಬೇಕಾದದ್ದು ಸಿಐನಲ್ಲಿ, ಅಂದರೆ ಬಂದ ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ಸರ್ವರ್‌ನಲ್ಲಿ. ಅಲ್ಲಿ ಫಾರ್ಮ್ಯಾಟರನ್ನು "ಚೆಕ್" ಆಯ್ಕೆಯೊಂದಿಗೆ ಓಡಿಸಿ. ಫೈಲನ್ನು ಬದಲಿಸದೆ ಸರಿ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ, ಸರಿ ಇಲ್ಲದಿದ್ದರೆ ಮರ್ಜ್ ನಿಲ್ಲುತ್ತದೆ. ಯಾರು ಯಾವ ಎಡಿಟರ್ ಬಳಸಿದರು ಅನ್ನುವುದು ಆಮೇಲೆ ಯಾರಿಗೂ ಬೇಡ.

ಹಳೇ ಪ್ರಾಜೆಕ್ಟಿಗೆ ಇದನ್ನು ತರುವುದು ಸ್ವಲ್ಪ ನೋವಿನ ಕೆಲಸ. ಒಂದು ದಿನ ಇಡೀ ರೆಪೊವನ್ನು ಫಾರ್ಮ್ಯಾಟ್ ಮಾಡಬೇಕು. ಆ ದಿನ ತೆರೆದಿರುವ ಪುಲ್ ರಿಕ್ವೆಸ್ಟುಗಳೆಲ್ಲ ಕಾನ್ಫ್ಲಿಕ್ಟ್ ಆಗುತ್ತವೆ. ರಿಲೀಸ್ ಮುಗಿದ ಮಾರನೇ ದಿನ ಆರಿಸಿಕೊಳ್ಳಿ. ಇನ್ನೊಂದು ಚಿಂತೆ ಬ್ಲೇಮ್, ಅಂದರೆ ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಅಂತ ತೋರಿಸುವ ಗಿಟ್ ಕಮಾಂಡ್. ಪ್ರತಿ ಸಾಲಿನ ಮುಂದೆಯೂ ಫಾರ್ಮ್ಯಾಟ್ ಮಾಡಿದವರ ಹೆಸರೇ ಬಂದುಬಿಡುತ್ತದೆ. ಇದಕ್ಕೆ ಗಿಟ್ 2.23ರಲ್ಲಿ, ಅಂದರೆ 2019ರಲ್ಲಿ, ಪರಿಹಾರ ಬಂತು. ಬ್ಲೇಮ್ ನೋಡುವಾಗ ಬಿಡಬೇಕಾದ ಕಮಿಟ್‌ಗಳ ಗುರುತನ್ನು ಒಂದು ಫೈಲಿನಲ್ಲಿ ಬರೆದಿಡಬಹುದು. ಫೈಲಿಗೆ .ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಅಂತ ಹೆಸರಿಟ್ಟರೆ ಗಿಟ್‌ಹಬ್ ಕೂಡ ಅದನ್ನು ಪಾಲಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಗಿಟ್ ಸೆಟ್ಟಿಂಗಿನಲ್ಲಿ ಒಂದು ಸಲ ಅದರ ಹೆಸರು ಹೇಳಬೇಕು. ಇಡೀ ರೆಪೊ ಮುಟ್ಟುವ ಧೈರ್ಯ ಇಲ್ಲದಿದ್ದರೆ, ಬದಲಾದ ಸಾಲುಗಳನ್ನಷ್ಟೇ ಸೇವ್ ಸಮಯದಲ್ಲಿ ಫಾರ್ಮ್ಯಾಟ್ ಮಾಡುವ ಆಯ್ಕೆ ವಿಎಸ್ ಕೋಡ್‌ನಲ್ಲಿದೆ. ಫಾರ್ಮ್ಯಾಟರ್ ಅದಕ್ಕೆ ಒಪ್ಪುವಂಥದ್ದಾಗಿರಬೇಕು. ನಿಧಾನದ ದಾರಿ, ಆದರೆ ದಾರಿ.

ಡೆವ್ ಕಂಟೇನರ್

ಎಡಿಟರ್ ಸೆಟ್ಟಿಂಗ್, ಎಕ್ಸ್‌ಟೆನ್ಶನ್, ಭಾಷೆಯ ಆವೃತ್ತಿ, ಟೂಲುಗಳು ಎಲ್ಲವನ್ನೂ ಒಂದು ಕಂಟೇನರಿನಲ್ಲಿ (ಕಂಪ್ಯೂಟರಿನೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಪರಿಸರದಲ್ಲಿ) ಕಟ್ಟಿ ಕೊಡುವುದು. ಇಲ್ಲಿ ಎಕ್ಸ್‌ಟೆನ್ಶನ್‌ಗಳು ಶಿಫಾರಸಾಗಿ ಉಳಿಯುವುದಿಲ್ಲ, ಕಂಟೇನರಿನೊಳಗೆ ತಾವಾಗಿ ಇನ್‌ಸ್ಟಾಲ್ ಆಗುತ್ತವೆ. ಇದನ್ನೆಲ್ಲ ಬರೆದಿಡುವ ಕಂಟೇನರ್ ಫೈಲನ್ನು ಗಿಟ್‌ಹಬ್‌ನ ಆನ್‌ಲೈನ್ ಸೇವೆಯಾದ ಕೋಡ್‌ಸ್ಪೇಸಸ್ ಕೂಡ ಓದುತ್ತದೆ. ಪ್ರಾಜೆಕ್ಟನ್ನು ಓಡುವ ಸ್ಥಿತಿಗೆ ತರಲು ಹತ್ತು ಟೂಲ್ ಬೇಕಾಗುವ ಕಡೆ, ಹೊಸಬರು ಆಗಾಗ ಬರುವ ಕಡೆ, ಇದಕ್ಕೆ ಸಾಟಿ ಇಲ್ಲ. ಬರೀ ಟ್ಯಾಬ್ ಜಗಳ ಬಗೆಹರಿಸಲು ಕಂಟೇನರ್ ಓಡಿಸುವ ಡಾಕರ್ ತರುವುದು ಮಾತ್ರ ಅತಿ. ಕಂಪ್ಯೂಟರಿನ ಮೆಮೊರಿ ತಿನ್ನುತ್ತದೆ, ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಫೈಲ್ ಓದುವುದು ನಿಧಾನ ಆಗಬಹುದು, ಕಂಟೇನರ್ ಫೈಲನ್ನು ಕಾಯಲು ಒಬ್ಬರು ಬೇಕು.

ಹಾಗಾದರೆ ನಿಮಗೆ ಯಾವುದು?

ಇಬ್ಬರು ಮೂವರ ಟೀಮ್, ಎಲ್ಲರದೂ ಒಂದೇ ಎಡಿಟರ್: ಗಿಟ್‌ಆಟ್ರಿಬ್ಯೂಟ್ಸ್ ಇಡಿ, ಎಡಿಟರ್ ಫೋಲ್ಡರಿನಲ್ಲಿ ನಾಲ್ಕೈದು ಸಾಲಿನ ಸೆಟ್ಟಿಂಗ್ ಇಡಿ. ಸಿಐ ಈಗಲೇ ಬೇಕಿಲ್ಲ.

ಬೇರೆ ಬೇರೆ ಎಡಿಟರ್ ಬಳಸುವ ಟೀಮ್: ಎಡಿಟರ್‌ಕಾನ್ಫಿಗ್, ಫಾರ್ಮ್ಯಾಟರ್, ಸಿಐ ಚೆಕ್. ಎಡಿಟರ್‌ಗೆ ಸೇರಿದ ಫೋಲ್ಡರುಗಳಲ್ಲಿ ಡಿಬಗ್ಗರ್ ಮತ್ತು ಶಿಫಾರಸುಗಳು ಮಾತ್ರ ಇರಲಿ. ಶೈಲಿಯ ನಿಯಮ ಅಲ್ಲಿ ಒಂದೂ ಬೇಡ.

ಓಪನ್ ಸೋರ್ಸ್: ಯಾರು, ಎಲ್ಲಿಂದ, ಯಾವ ಎಡಿಟರ್‌ನಲ್ಲಿ ಬರೆಯುತ್ತಾರೆ ಅಂತ ಗೊತ್ತಿಲ್ಲ. ಮೇಲಿನದೇ ಪಟ್ಟಿ. ಆದರೆ ಸಿಐ ತಪ್ಪು ತೋರಿಸುವಾಗ ಸರಿ ಮಾಡುವ ಕಮಾಂಡನ್ನೂ ಅಲ್ಲೇ ಬರೆದು ತೋರಿಸಲಿ. ಮೊದಲ ಸಲ ಕೊಡುಗೆ ಕೊಡಲು ಬಂದವರು ಸ್ಪೇಸ್ ವಿಷಯಕ್ಕೆ ವಾಪಸ್ ಹೋಗಬಾರದು. ಸಾಧ್ಯವಾದರೆ ಅದನ್ನು ನೀವೇ ಫಾರ್ಮ್ಯಾಟ್ ಮಾಡಿ ಮರ್ಜ್ ಮಾಡಿಕೊಳ್ಳಿ.

ದೊಡ್ಡ ಮಾನೊರೆಪೊ: ಬೇರಿನಲ್ಲಿ ಒಂದು ಎಡಿಟರ್‌ಕಾನ್ಫಿಗ್, ಬೇಕಾದ ಕಡೆ ಒಳಗೆ ಚಿಕ್ಕ ಎಡಿಟರ್‌ಕಾನ್ಫಿಗ್‌ಗಳು. ಸಿಐ ಬದಲಾದ ಫೈಲುಗಳನ್ನು ಮಾತ್ರ ಪರೀಕ್ಷಿಸಲಿ, ಇಲ್ಲದಿದ್ದರೆ ಕಾಯುವುದೇ ಕೆಲಸ ಆಗುತ್ತದೆ. ಎಡಿಟರ್ ಫೋಲ್ಡರುಗಳ ಬದಲಾವಣೆಗೆ ಯಾರ ಒಪ್ಪಿಗೆ ಬೇಕು ಅಂತ ಕೋಡ್‌ಓನರ್ಸ್ ಫೈಲಿನಲ್ಲಿ ಬರೆದಿಡಿ. ಒಬ್ಬರು ಬೇಕಾದ ಹಾಗೆ ಸೆಟ್ಟಿಂಗ್ ಸೇರಿಸಿದರೆ ಅದು ಎಲ್ಲರ ಸ್ಕ್ರೀನಿಗೂ ಹೋಗುತ್ತದೆ.

ಶುರು ಮಾಡುವ ಕ್ರಮದ ಬಗ್ಗೆ ಒಂದೇ ಮಾತು. ಗಿಟ್‌ಆಟ್ರಿಬ್ಯೂಟ್ಸ್ ಮೊದಲು, ಅದು ತನ್ನದೇ ಕಮಿಟ್‌ನಲ್ಲಿ. ಆಮೇಲೆ ಎಡಿಟರ್‌ಕಾನ್ಫಿಗ್. ಫಾರ್ಮ್ಯಾಟರಿನ ಸೆಟ್ಟಿಂಗ್ ಒಂದು ಕಮಿಟ್, ಅದನ್ನು ಓಡಿಸಿದ ಫಲಿತಾಂಶ ಇನ್ನೊಂದು ಕಮಿಟ್. ಈ ಎರಡನ್ನೂ ಸೇರಿಸಿಬಿಟ್ಟರೆ ಬ್ಲೇಮ್‌ನಿಂದ ಬಿಡುವಾಗ ಸೆಟ್ಟಿಂಗ್ ಬರೆದವರ ಗುರುತೂ ಅಳಿಸಿಹೋಗುತ್ತದೆ. ಈ ಕಮಿಟ್‌ಗಳನ್ನು ಮರ್ಜ್ ಮಾಡುವಾಗ ಸ್ಕ್ವಾಶ್ ಒತ್ತಬೇಡಿ. ಒತ್ತಿದರೆ ಎರಡೂ ಒಂದಾಗಿ, ಗುರುತಿನ ಸಂಖ್ಯೆಯೂ ಬದಲಾಗಿ, ಇಗ್ನೋರ್ ಫೈಲಿನಲ್ಲಿ ಬರೆದಿಟ್ಟದ್ದು ಯಾವ ಕಮಿಟ್‌ಗೂ ಹೊಂದುವುದಿಲ್ಲ.